ಕೌದಿ ಕೊಂಡವರಿಗೆ ಕತೆ ಉಚಿತ

ಆ ಹಸಿರು ತುಂಡು ನನ್ನ ಅಜ್ಜಿಯ ಸೀರೆಯದು ಎಂದು ಯಾವಾಗಿನಿಂದ ನಂಬಿದ್ದೆನೋ ನನಗೇ ಗೊತ್ತಿಲ್ಲ. ನಾನು ದಿನಚರಿ ಬರೆಯಲು ಶುರು ಮಾಡಿದ್ದು ಪಿಯುಸಿಗೆ ಸೇರಿದ ಮೇಲೆ. ಅದಕ್ಕೂ ಹಿಂದಿನ ಬದುಕಿಗೆ ನನ್ನ ಬಳಿ ಬರಹದ ಸಾಕ್ಷಿಯಿಲ್ಲ. ಹಾಗಾಗಿ ಬಾಲ್ಯದ ಬಗ್ಗೆ ಏನೇ ಹೇಳುವಾಗಲೂ ಕೊನೆಗೊಂದು ‘ಅನ್ನಿಸುತ್ತದೆ’ ಸೇರಿಸುತ್ತೇನೆ. ಆ ದಿನ ಮಾತ್ರ ಸೇರಿಸಲಿಲ್ಲ. ಅವಸರದಲ್ಲಿದ್ದೆ, ಅದಕ್ಕಿಂತ ಹೆಚ್ಚಾಗಿ ಖುಷಿಯಲ್ಲಿದ್ದೆ.

ಹರಿಹರದಲ್ಲಿರುವ ನನ್ನ ಚಿಕ್ಕಮ್ಮ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಅಂಗಿ, ಪಂಚೆಗಳನ್ನು ಕತ್ತರಿಸಿ, ಪದರದ ಮೇಲೆ ಪದರ ಹಾಸಿ, ಅಂಚಿನಿಂದ ನಡುವಿನವರೆಗೆ ಕೈಹೊಲಿಗೆ ಹಾಕುತ್ತಾಳೆ. ಅದಕ್ಕೂ ಮೊದಲು ಆಕೆ ಗಾರ್ಮೆಂಟ್ಸಿನಲ್ಲಿದ್ದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಗಿಗಳಿಗೆ ಕಾಲರ್ ಕೂರಿಸುವುದಷ್ಟೇ ಆಕೆಯ ಕೆಲಸ. ‘ಅಷ್ಟು ವರ್ಷ ಹೊಲಿದೆ, ಒಂದು ಪೂರ್ತಿ ಅಂಗಿ ಹೊಲಿಲಿಲ್ಲ ನೋಡು’ ಎಂದು ಒಮ್ಮೆ ಹೇಳಿದ್ದಳು. ಕೆಲಸ ಬಿಟ್ಟು ಕೌದಿ ಹಿಡಿದದ್ದು ಪೂರ್ತಿ ಒಂದು ವಸ್ತುವನ್ನು ತಾನೇ ಮಾಡಿ ಮುಗಿಸುವ ಆಸೆಯಿಂದ.

ಆದರೆ ಹೊಲಿದ ಐದು ಕೌದಿಗಳೂ ಟ್ರಂಕಿನಲ್ಲೇ ಉಳಿದವು. ನಾನು ಆನ್‌ಲೈನಿನಲ್ಲಿ ಒಂದು ಪುಟ ತೆರೆದು ಫೋಟೊ ಹಾಕಿದೆ. ಲೈಕು ಬಂದವು, ಹೃದಯದ ಗುರುತು ಬಂದವು, ಕೊಳ್ಳುವವರು ಬರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯಾಕೆ, ಆಕೆ ಈಗಲೂ ಗಾರ್ಮೆಂಟ್ಸಿಗೆ ಹೋಗುವವಳು, ಸುದ್ದಿ ತಂದಳು. ಕಾಲರ್ ಸಾಲಿನಲ್ಲಿ ಒಂದು ಜಾಗ ಖಾಲಿಯಾಗಿದೆ, ಮುಂದಿನ ತಿಂಗಳ ಮೊದಲ ಸೋಮವಾರದಿಂದ ಫ್ಯಾಕ್ಟರಿಯ ವ್ಯಾನಿನಲ್ಲಿ ಬರಬಹುದು.

‘ಅಷ್ಟರೊಳಗೆ ಇವು ಹೋದ್ರೆ ಹೋದ್ವು’ ಎಂದಳು ಚಿಕ್ಕಮ್ಮ ಟ್ರಂಕಿನ ಕಡೆ ಗದ್ದ ಎತ್ತಿ. ‘ಇಲ್ಲಾಂದ್ರೆ ನಾನು ವ್ಯಾನ್ ಹತ್ತಾಕೆ. ಅತ್ತು ಕರೆದು ಮಾಡ್ಬ್ಯಾಡ ಮತ್ತೆ.’

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ವಿದ್ಯಾನಗರದ ನನ್ನ ಕೋಣೆಯಿಂದ ಕಾಲೇಜಿಗೆ ನಡೆದೇ ಹೋಗುತ್ತೇನೆ. ಒಂದು ದಿನ ಸ್ಟಾಫ್ ರೂಮಿನಲ್ಲಿ ಈ ಸಂಕಟ ಹೇಳಿಕೊಂಡಾಗ ವಾಣಿಜ್ಯ ಕಲಿಸುವ ಸಹೋದ್ಯೋಗಿ ನಕ್ಕರು.

‘ಮೇಡಂ, ಬರೀ ಕೌದಿ ಮಾರಿದ್ರೆ ಯಾರು ತಗೋತಾರ್ರಿ? ಸೋಪಿನ ಜೊತೆ ಬಾಚಣಿಗಿ ಕೊಡ್ತಾರಲ್ಲ, ಹಂಗೆ ಏನಾರ ಬೋನಸ್ ಕೊಡ್ರಿ.’

‘ಕೌದಿ ಜೊತೆ ಏನು ಕೊಡೋದು ಸರ್, ದಿಂಬಾ?’

‘ಓದಾಕ ಏನಾರ ಕೊಡ್ರಿ, ಫೋನಿಗೆ ಕಳಿಸೋ ಅಂಥದ್ದು. ಎಐ ಐತಲ್ಲ, ಅದನ್ನ ಕೇಳ್ರಿ. ಬಿಟ್ಟಿ ಹೇಳ್ತದೆ.’

ಕೇಳಿದೆ. ತರಗತಿ ಇಲ್ಲದ ಆ ಒಂದು ಗಂಟೆಯಲ್ಲಿ ಅದು ಇಷ್ಟುದ್ದದ ಪಟ್ಟಿ ಕೊಟ್ಟಿತು. ಮೊದಲು ಅದರಿಂದ ಬರೆಸಿದ್ದು ಕೌದಿಯನ್ನು ಜೋಪಾನ ಮಾಡುವ ಬಗೆಯ ಒಂದು ಹಾಳೆ. ಅದನ್ನು ಫೋನಿನಲ್ಲಿ ಚಿಕ್ಕಮ್ಮನಿಗೆ ಓದಿ ಹೇಳಿದೆ. ‘ಡ್ರೈ ಕ್ಲೀನ್ ಮಾತ್ರ ಮಾಡಿಸಿ’ ಎಂಬ ಸಾಲು ಬಂದಾಗ ಆಕೆ ತಡೆದಳು.

‘ಅದು ಎಂದಾರ ಹೊಳಿ ನೋಡೈತೇನು?’

‘ಇಲ್ಲ ಚಿಕ್ಕಮ್ಮ, ಅದಕ್ಕೆ ಕಣ್ಣಿಲ್ಲ.’

‘ಮತ್ತೆ ಕಣ್ಣಿಲ್ದೋರ ಮಾತು ನನಗ್ಯಾಕ ಓದ್ತಿ? ಬರ್ಕೊ. ತಣ್ಣೀರಾಗೆ ಒಂದು ತಾಸು ನೆನಿಬೇಕು. ಕಾಲಿಲೆ ತುಳಿಬೇಕು. ಹಿಂಡಬಾರ್ದು. ಇಬ್ರು ಹಿಡ್ಕಂಡು ಬಿಸಿಲಿಗೆ ಹಾಕ್ಬೇಕು. ಒಬ್ರೇ ಇದ್ರೆ ಪಕ್ಕದ ಮನೆಯೋರ್ನ ಕರಿಬೇಕು.’

ಇದನ್ನೇ ಎಐಗೆ ಕೊಟ್ಟು, ಚಿತ್ರಗಳ ಸಮೇತ ಚೆಂದಗೆ ಜೋಡಿಸಲು ಹೇಳಿದೆ. ‘ಪಕ್ಕದ ಮನೆಯವರನ್ನು ಕರೆಯಿರಿ’ ಎಂಬ ಸಾಲನ್ನು ಹಾಗೇ ಬಿಟ್ಟೆ. ಹಾಳೆಯನ್ನು ಪುಟಕ್ಕೆ ಸೇರಿಸಿದ ಮೂರನೆಯ ದಿನ ಮೊದಲ ಆರ್ಡರ್ ಬಂತು. ಒಗೆಯುವುದು ಹೇಗೆಂದು ತಿಳಿಯದೆ ಹಿಂಜರಿದಿದ್ದೆ, ಈಗ ಧೈರ್ಯ ಬಂತು ಎಂದು ಕೊಂಡವರು ಬರೆದಿದ್ದರು. ಸ್ಟಾಫ್ ರೂಮಿನಲ್ಲಿ ನಾನು ಕುರ್ಚಿಯಿಂದ ಎದ್ದು ನಿಂತದ್ದು ದಿನಚರಿಯಲ್ಲಿದೆ. ಕೂಗಿದೆನೋ ಇಲ್ಲವೋ ಅದರಲ್ಲಿಲ್ಲ. ಕೂಗಿದ್ದೆ ಎಂದು ಸಹೋದ್ಯೋಗಿ ಹೇಳುತ್ತಾರೆ.

ಆ ಭಾನುವಾರ ಹರಿಹರದ ಬಸ್ಸು ಹತ್ತಿದೆ. ದಾರಿಯಲ್ಲಿ ಬಾತಿ ಊರು ದಾಟುವಷ್ಟರಲ್ಲಿ ಮುಂದಿನ ಬೋನಸ್ ತಲೆಯಲ್ಲಿ ಸಿದ್ಧವಾಗಿತ್ತು: ತುಂಡಿನ ಪುಸ್ತಕ. ಪ್ರತಿ ಕೌದಿಗೂ ಒಂದು. ಯಾವ ತುಂಡು ಯಾರ ಬಟ್ಟೆಯದು, ಅದು ಚಿಕ್ಕಮ್ಮನ ಕೈಗೆ ಹೇಗೆ ಬಂತು ಎಂಬುದಷ್ಟೇ ಅದರೊಳಗೆ. ಕೌದಿಯನ್ನು ನೆಲಕ್ಕೆ ಹಾಸಿ, ಚಿಕ್ಕಮ್ಮ ಒಂದೊಂದರ ಮೇಲೆ ಬೆರಳಿಟ್ಟು ಹೇಳುತ್ತಾ ಹೋದಳು. ನಾನು ಫೋನಿನಲ್ಲಿ ಆಕೆಯ ಧ್ವನಿ ಹಿಡಿದೆ. ಎಐ ಅದನ್ನು ಅಕ್ಷರಕ್ಕಿಳಿಸಿತು, ಕೌದಿಯ ಚಿತ್ರದ ಮೇಲೆ ಸಂಖ್ಯೆ ಹಾಕಿತು, ಸಂಖ್ಯೆಯ ಎದುರಿಗೆ ಸಂಗತಿ ಬರೆಯಿತು. ಏಳನೆಯದು ಒಬ್ಬ ವಧುವಿನ ಸೀರೆ. ಮದುವೆ ಊಟದಲ್ಲೇ ಅದರ ಮೇಲೆ ಸಾಂಬಾರು ಚೆಲ್ಲಿ, ಕಲೆ ಹೋಗದೆ, ಚಿಕ್ಕಮ್ಮನಿಗೆ ಬಂದದ್ದು. ಹನ್ನೊಂದನೆಯದು ಪಕ್ಕದ ಮನೆಯಾಕೆಯ ಗಂಡನ ಅಂಗಿ. ಆತನಿಗೆ ಅದು ಇವತ್ತಿಗೂ ಗೊತ್ತಿಲ್ಲ, ಹುಡುಕುತ್ತಿದ್ದಾನೆ.

‘ಕೌದಿ ಕೊಂಡವರಿಗೆ ಕತೆ ಉಚಿತ’ ಎಂದು ಪುಟದ ಮೇಲೆ ಹಾಕಿದೆ. ಒಂದೇ ವಾರದಲ್ಲಿ ಇನ್ನೂ ಮೂರು ಹೋದವು, ಮೊದಲಿನದೂ ಸೇರಿ ನಾಲ್ಕು! ಒಬ್ಬಾಕೆ ದಿನಕ್ಕೊಂದು ತುಂಡಿನಂತೆ ಮಗಳಿಗೆ ಓದಿ ಹೇಳುತ್ತಿದ್ದಾಳಂತೆ. ಇದನ್ನು ಹೇಳಿದಾಗ ಚಿಕ್ಕಮ್ಮ, ‘ಹಂಗಾರೆ ಆ ಅಂಗಿದು ಓದಬ್ಯಾಡ ಅನ್ನು, ಇವ್ನ ಕಿವಿಗೆ ಬಿದ್ದಾತು’ ಎಂದು ನಕ್ಕಳು. ಅಂಥ ನಗೆಯನ್ನು ನಾನು ಆಕೆಯಿಂದ ಬಹಳ ದಿನದಿಂದ ಕೇಳಿರಲಿಲ್ಲ. ಅನ್ನಿಸುತ್ತದೆ.

ಆ ಖುಷಿಯಲ್ಲೇ ತಪ್ಪು ಮಾಡಿದೆ.

ಐದನೆಯ ಕೌದಿಯನ್ನು ಒಬ್ಬರು ಕೇಳಿದ್ದು ವಾರದ ನಡುವೆ. ತಾಯಿಗೆ ಉಡುಗೊರೆ ಕೊಡಲು ಬೇಕು, ಕತೆ ಇದೆಯೇ ಎಂದು ಬರೆದರು. ಹರಿಹರಕ್ಕೆ ಹೋಗಿ ಬರಲು ಪುರುಸೊತ್ತಿರಲಿಲ್ಲ. ಫೋಟೊ ನನ್ನಲ್ಲಿತ್ತು. ನಡುವಿನಲ್ಲಿ ಒಂದು ಹಸಿರು ತುಂಡು. ‘ಇದು ನನ್ನ ಅಜ್ಜಿಯ ಸೀರೆ, ಆಕೆಗೆ ಹೊಳೆ ಎಂದರೆ ಇಷ್ಟ’ ಎಂದು ಎಐಗೆ ಬರೆದೆ, ಉಳಿದ ತುಂಡುಗಳಿಗೂ ನೆನಪಿಗೆ ಬಂದದ್ದನ್ನು ಕೊಟ್ಟೆ. ಅದು ಬರೆದು ಕೊಟ್ಟದ್ದನ್ನು ಓದಿ ನನ್ನ ಕಣ್ಣು ತುಂಬಿದವು. ಹೊಳೆಯ ಮೆಟ್ಟಿಲ ಮೇಲೆ ಹಸಿರು ಸೀರೆಯ ಅಜ್ಜಿ. ಒದ್ದೆ ಸೆರಗನ್ನು ಬಿಸಿಲಿಗೆ ಹಿಡಿದಿದ್ದಾಳೆ. ಪಕ್ಕದಲ್ಲಿ ಆ ಸೆರಗಿನ ನೆರಳಲ್ಲಿ ಕೂತ ಪುಟ್ಟ ಹುಡುಗಿ ನಾನು. ಹೌದು, ಹೀಗೇ ಇತ್ತು ಎನ್ನಿಸಿತು. ಒಂದು ಗಂಟೆಯೊಳಗೆ ಆರ್ಡರ್ ಬಂತು.

ಶನಿವಾರ ಮಧ್ಯಾಹ್ನ ಪ್ಯಾಕ್ ಮಾಡಲು ಹರಿಹರಕ್ಕೆ ಹೋದೆ. ಸೋಮವಾರ ವ್ಯಾನಿನ ದಿನ. ಇದು ಹೋದರೆ ಐದೂ ಹೋದಂತೆ, ವ್ಯಾನಿಗೆ ಬರುವುದಿಲ್ಲ ಎಂದು ಹೇಳಿಬಿಡುತ್ತೇನೆ ಎಂದಿದ್ದಳು ಚಿಕ್ಕಮ್ಮ.

ಕೌದಿಯನ್ನು ಆಕೆ ಪೂರ್ತಿ ಹೊಲಿದು ಮುಗಿಸುವುದಿಲ್ಲ. ಒಂದು ಅಂಚಿನಲ್ಲಿ ಅಂಗೈಯಗಲ ಬಾಯಿ ಬಿಟ್ಟಿರುತ್ತಾಳೆ. ಅದು ಕೌದಿಯ ಹೊಟ್ಟೆ. ಮನೆ ಬಿಡುವ ದಿನ ಅದರೊಳಗೆ ಒಣರೊಟ್ಟಿಯ ಉಗುರಿನಷ್ಟು ಚೂರು, ನಾಲ್ಕು ಕಾಳು ಅಕ್ಕಿ ಹಾಕಿ ಆಮೇಲೆ ಹೊಲಿಗೆ ಮುಚ್ಚುತ್ತಾಳೆ. ಇರುವೆ ಬಂದಾವು ಎಂದು ಎಐ ಎಚ್ಚರಿಸಿದೆ ಎಂದು ಒಮ್ಮೆ ಹೇಳಿದ್ದಕ್ಕೆ, ‘ಮನಿ ಬಿಟ್ಟು ಹೋಗೋರ್ನ ಉಪವಾಸ ಕಳಿಸ್ತಾರೇನು? ಸುಮ್ನಿರು ಅನ್ನು ಅದಕ್ಕೆ’ ಎಂದಿದ್ದಳು.

ಆಕೆ ರೊಟ್ಟಿಯ ಚೂರು ಹಿಡಿದು ಕೂತಿರುವಾಗ ನಾನು ಪುಸ್ತಕ ಓದತೊಡಗಿದೆ. ಅಜ್ಜಿ, ಹೊಳೆ, ಸೆರಗು. ಚಿಕ್ಕಮ್ಮನ ಕೈ ಅಲ್ಲೇ ನಿಂತಿತು.

‘ತಡಿ ತಡಿ. ಯಾವ ಸೀರಿ?’

‘ಈ ಹಸಿರು. ಅಜ್ಜಿದು.’

‘ಯಾರ್ ಹೇಳಿದ್ರು?’

‘ನನಗೆ ನೆನಪೈತೆ ಚಿಕ್ಕಮ್ಮ.’

‘ನಿನ್ ನೆನಪಿಗಿಷ್ಟು! ನಮ್ಮವ್ವ ಹಸ್ರು ಸೀರಿ ಉಟ್ಟಿದ್ದು ನಾನಂತೂ ಕಾಣೆ. ಕೈ ಇಟ್ಟು ನೋಡೇ ಹುಡುಗಿ, ಸೀರಿ ಇಷ್ಟು ದಪ್ಪ ಇರ್ತದೇನು? ನಿನ್ನ ಇಸ್ಕೂಲ್ ಲಂಗ ಇದು.’

ಕೈಯಿಟ್ಟೆ. ಫೋಟೊದಲ್ಲಿ ಬಟ್ಟೆಯ ದಪ್ಪ ಕಾಣುವುದಿಲ್ಲ. ಆಕೆ ನನ್ನ ಬೆರಳನ್ನು ಹಿಡಿದು ತುಂಡಿನ ಮೂಲೆಗೆ ಎಳೆದಳು. ಅಲ್ಲಿ ಹರಕನ್ನು ಕೂಡಿಸಿ ರಫು ಮಾಡಿದ ಸಣ್ಣ ಗಂಟು ಗಂಟಾದ ಹೊಲಿಗೆ ಇತ್ತು.

‘ಹದಡಿ ಊರಿಗೆ ಹೋದಾಗ ಬೇಲಿ ಹಾರಕ್ಕೋಗಿ ಹರ್ಕಂಡು, ನಿಮ್ಮವ್ವಗೆ ಹೇಳ್ಬ್ಯಾಡ ಅಂತ ನನ್ ಕಾಲು ಹಿಡಿದಿದ್ದಿ. ನಾನೇ ಕೂತು ಹೊಲಿದೆ.’

ಬೇಲಿ ನನಗೆ ನೆನಪಿಗೆ ಬರಲಿಲ್ಲ. ನನ್ನ ಮೊಣಕಾಲಿನ ಕೆಳಗೆ ಒಂದು ಗುರುತಿದೆ, ಅದು ಆ ಬೇಲಿಯದೇ ಇರಬಹುದು, ಇಲ್ಲದೆಯೂ ಇರಬಹುದು. ವಿಚಿತ್ರವೆಂದರೆ ನಡೆಯದೇ ಹೋದ ಹೊಳೆಯ ಮೆಟ್ಟಿಲು ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು. ಮೂರು ದಿನದ ಹಿಂದೆ ಬರೆದದ್ದು ಮೂವತ್ತು ವರ್ಷದ ಹಿಂದಿನ ಜಾಗದಲ್ಲಿ ಹೋಗಿ ಕೂತಿತ್ತು. ಎಐಯನ್ನು ಬೈಯಲು ಹೊರಟೆ. ಆದರೆ ಅಜ್ಜಿಯ ಸೀರೆ ಎಂದು ಮೊದಲು ಬರೆದವಳು ನಾನೇ. ಅದು ಸೇರಿಸಿದ್ದು ಮೆಟ್ಟಿಲು, ಸೆರಗು, ಬಿಸಿಲು.

‘ಈಗೇನು ಮಾಡದು?’ ಎಂದೆ. ಕೊಂಡವರಿಗೆ ಗೊತ್ತಾಗುವ ದಾರಿಯೇ ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ.

ಚಿಕ್ಕಮ್ಮ ರೊಟ್ಟಿಯ ಚೂರನ್ನು ತಟ್ಟೆಗೆ ಹಾಕಿದಳು. ‘ಅವ್ರಿಗೆ ಬರಿ. ಇದ್ದಂಗೆ ಬರಿ. ಅಲ್ಲೀತಂಕ ಇದರ ಹೊಟ್ಟಿ ಮುಚ್ಚಲ್ಲ.’

ಬರೆದೆ. ಉತ್ತರ ಬೇಗ ಬಂತು, ಸೌಜನ್ಯದಿಂದಲೇ ಇತ್ತು. ತಾಯಿಗೆ ಅಜ್ಜಿಯ ಸೀರೆಯ ಕತೆ ಆಗಲೇ ಹೇಳಿದ್ದೆವು, ಈಗ ಬೇಡ. ಆರ್ಡರ್ ರದ್ದಾಯಿತು. ಚಿಕ್ಕಮ್ಮ ಎದ್ದು ಹೋಗಿ, ವ್ಯಾನಿಗೆ ಹೋಗುವಾಗ ಒಯ್ಯುತ್ತಿದ್ದ ಊಟದ ಡಬ್ಬಿ ತೊಳೆದು ಬೋರಲು ಹಾಕಿದಳು. ಆ ಡಬ್ಬಿಯ ಸದ್ದು ನನಗೆ ಸರಿಯಾಗಿ ನೆನಪಿದೆ. ದಿನಚರಿಯಲ್ಲೂ ಇದೆ.

ಅವತ್ತು ನಾನು ದಾವಣಗೆರೆಗೆ ಮರಳಲಿಲ್ಲ. ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ತಾನೇ ಆ ಕೌದಿಯನ್ನು ಹಾಸಿ ಕೂತಳು.

‘ಹಚ್ಚು ನಿನ್ ಫೋನು. ಮೊದ್ಲಿಂದ ಹೇಳ್ತೀನಿ. ನೀನು ತಪ್ಪು ಬರ್ದದ್ದೂ ಅದ್ರಾಗೆ ಬರ್ಲಿ.’

ಈ ಸಲ ಎಐಗೆ ಒಂದೇ ಕಟ್ಟಳೆ ಹಾಕಿದೆ: ಆಕೆ ಹೇಳದ ಒಂದು ಮಾತನ್ನೂ ಸೇರಿಸಬೇಡ, ತಿಳಿಯದ್ದನ್ನು ತಿಳಿಯದು ಎಂದೇ ಬಿಡು. ಆದರೂ ಬೇಲಿಯ ಮೇಲೆ ಒಂದು ಹಕ್ಕಿಯನ್ನು ತಂದು ಕೂರಿಸಿತ್ತು. ಹಕ್ಕಿಯನ್ನು ಓಡಿಸಿದೆ. ಕೊನೆಗೆ ಸಿಕ್ಕ ಪುಸ್ತಕದಲ್ಲಿ ಆರು ತುಂಡುಗಳ ಎದುರು ‘ಯಾರದೋ ಗೊತ್ತಿಲ್ಲ’ ಎಂದಿತ್ತು. ಹಸಿರು ತುಂಡಿನ ಎದುರು ಹೀಗಿತ್ತು: ‘ಇದು ಅಕ್ಕನ ಮಗಳ ಲಂಗ. ಅವಳು ಇದನ್ನು ಅಜ್ಜಿಯ ಸೀರೆ ಎಂದು ತಿಳಿದಿದ್ದಳು. ಹರಿದದ್ದನ್ನು ಹೊಲಿದವಳು ನಾನು, ಆದ್ದರಿಂದ ನನಗೆ ಗೊತ್ತು.’ ಅದರ ಜೊತೆಗೆ ಚಿಕ್ಕಮ್ಮನ ಧ್ವನಿಯನ್ನೂ ಸೇರಿಸಿದೆ.

ಮಧ್ಯಾಹ್ನದ ಊಟಕ್ಕೆ ಮೊದಲು ಪುಟಕ್ಕೆ ಹಾಕಿದೆ. ಕೈ ತೊಳೆದು ಬರುವಷ್ಟರಲ್ಲಿ ಫೋನು ಒಂದು ಸಲ ಗುಂಯ್‌ಗುಟ್ಟಿತು. ಸಂಜೆಯೊಳಗೆ ಅದೇ ಒಂದು ಕೌದಿಗೆ ಮೂವರು! ಇಬ್ಬರಿಗೆ ಇಲ್ಲ ಎನ್ನಬೇಕಾಯಿತು. ಆ ಇಬ್ಬರಲ್ಲಿ ಒಬ್ಬಾಕೆ ಕೇಳಿದ ಪ್ರಶ್ನೆ ನಮ್ಮಿಬ್ಬರ ತಲೆಗೂ ಬಂದಿರಲಿಲ್ಲ: ‘ನಮ್ಮ ಮನೆಯ ಹಳೆಯ ಬಟ್ಟೆ ಕಳಿಸಿದರೆ ಹೊಲಿದು ಕೊಡುತ್ತೀರಾ? ಪುಸ್ತಕ ನಾವೇ ಬರೆಯುತ್ತೇವೆ, ಖಾಲಿ ಬಿಟ್ಟು ಕೊಡಿ.’

ನಾನು ಓದಿ ಮುಗಿಸುವ ಮೊದಲೇ ಚಿಕ್ಕಮ್ಮ ನನ್ನ ತೋಳು ಹಿಡಿದಿದ್ದಳು. ‘ಅವ್ರ ಬಟ್ಟೆ, ಅವ್ರ ಕತಿ, ನನ್ ಸೂಜಿ! ಹೂಂ ಅನ್ನು. ಹೂಂ ಅನ್ನೇ ಬೇಗ!’ ಅಲ್ಲೇ ಕೂತು ಖಾಲಿ ಪುಸ್ತಕ ಮಾಡಿದೆವು. ತುಂಡಿಗೊಂದು ಪುಟ, ಪುಟಕ್ಕೆರಡು ಪ್ರಶ್ನೆ: ಇದನ್ನು ಯಾರು ಉಟ್ಟಿದ್ದರು? ನಿಮಗೆ ಹೇಗೆ ಗೊತ್ತು? ಎರಡನೆಯ ಪ್ರಶ್ನೆ ನನ್ನದು. ಕತ್ತಲಾಗುವ ಮೊದಲು ಇನ್ನೂ ನಾಲ್ಕು ಮನೆಯವರು ಬಟ್ಟೆ ಕಳಿಸುತ್ತೇವೆ ಎಂದರು.

ಸೋಮವಾರ ಬೆಳಿಗ್ಗೆ ವ್ಯಾನು ಬಂದು ಬೀದಿಯ ತುದಿಯಲ್ಲಿ ಹಾರ್ನ್ ಹಾಕಿತು. ಪಕ್ಕದ ಮನೆಯಾಕೆ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಳು.

‘ಅಕ್ಕಾ, ಬರ್ರಿ, ಲೇಟಾತು!’

ಚಿಕ್ಕಮ್ಮನ ತೊಡೆಯ ಮೇಲೆ ಹಸಿರು ತುಂಡಿನ ಕೌದಿ. ರೊಟ್ಟಿಯ ಚೂರು ಒಳಗೆ ಹೋಗಿತ್ತು, ಅಕ್ಕಿಯ ಕಾಳು ಆಕೆಯ ಅಂಗೈಯಲ್ಲಿತ್ತು.

‘ನೀ ಹೋಗವ್ವ. ನಂಗೆ ಬರಕಾಗಲ್ಲ, ಇದಿನ್ನೂ ಉಣ್ಣಾಕತ್ತೈತೆ’ ಎಂದಳು. ಆಮೇಲೆ ಸೂಜಿಯನ್ನು ನನ್ನ ಕಡೆ ಚಾಚಿದಳು. ‘ತಗೊ, ದಾರ ಪೋಣಿಸು.’

ಹಾರ್ನ್ ಎರಡನೆಯ ಸಲ ಕೂಗುವಷ್ಟರಲ್ಲಿ ಪೋಣಿಸಿ ಕೊಟ್ಟೆ.