ಭೀಮಬಾಯಿಯ ಹಾಜರಿ

ಭಂಕೂರಿನ ಭೀಮಬಾಯಿ, ಅವಳು ಬಡಿದ ರೊಟ್ಟಿ ತಿಂದವರೇ ಪುಣ್ಯವಂತರು ಬಿಡಿ, ಕಲ್ಲಿನ ಗಣಿಯಲ್ಲಿ ಫರಸಿಯ ಚಪ್ಪಡಿ ಬಿದ್ದು ಪಾದ ಜಜ್ಜಿಸಿಕೊಂಡಳು. ಯಾರಿಗೂ ದೂರು ಹೇಳದೆ ಅರಿಶಿನ ಕಟ್ಟಿಕೊಂಡು ಮಲಗಿದಳು. ಕೂಲಿ ತಪ್ಪದಿರಲೆಂದು ಗೆಳತಿ ಜಾನಬಿ, ಗಣಿಯ ಹೆಂಗಸರ ರೂಢಿಯಂತೆ, ದಿನವೂ ಅವಳ ಹಾಜರಿಗೂ ತಾನೇ ಹೆಬ್ಬೆಟ್ಟು ಒತ್ತಿದಳು.

ನಾಲ್ಕು ತಿಂಗಳಾದರೂ ಪಾದ ನೆಲಕ್ಕೆ ಊರಲಿಲ್ಲ. ಕೊನೆಗೆ ಪರಿಹಾರ ಕೇಳಲು ಕಾರ್ಮಿಕ ಕಚೇರಿಗೆ ಹೋದಳು. ಗುಮಾಸ್ತ ಗಣಿಯ ಹಾಜರಿ ಪುಸ್ತಕ ತೆರೆದ.

“ಆವಾಗೇ ಯಾಕ ಹೇಳ್ಲಿಲ್ಲ, ಬಾಯಿ? ಇದ್ರಾಗ ನೀ ಒಂದಿನಾನೂ ತಪ್ಪಿಲ್ಲ. ಮುರದ ಕಾಲಿಲೇ ಕಲ್ಲು ಹೊತ್ತೇನು? ಯಾರ ಹೆಬ್ಬೆಟ್ಟಿದು?”

ಹೆಸರು ಹೇಳಿದರೆ ಜಾನಬಿಯ ಕೆಲಸ ಹೋಗುತ್ತದೆ.

“ನಂದೇ ಅದರಿ, ಸಾಹೇಬ್ರ,” ಎಂದಳು ಭೀಮಬಾಯಿ.

ಅರ್ಜಿ ಮಡಚಿಕೊಂಡು, ಕುಂಟುತ್ತ ಹೊರಬಂದಳು. ದುಃಖ ತೋಡಿಕೊಳ್ಳಲು ಅವಳಿಗಿದ್ದವಳು ಜಾನಬಿ ಒಬ್ಬಳೇ. ಇದನ್ನು ಅವಳಿಗೂ ಹೇಳುವಂತಿರಲಿಲ್ಲ.