ಬೇಳೆ ಕಟ್ಟಿಕೊಂಡು ಬಾಡಿಗೆ ಮನೆ ಹುಡುಕಿದ ಭಾನುವಾರ

ಕೆಲಸ ಸಿಕ್ಕಿದೆ ಎಂದು ಫೋನು ಬಂದಾಗ ನಾನು ಗುಬ್ಬಿಯ ನಮ್ಮ ಮನೆಯ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಸಂತೋಷದಲ್ಲಿ ಅಪ್ಪನ ಒದ್ದೆ ಲುಂಗಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಕೆಳಗೆ ಓಡಿಬಂದೆ. ಡಿಪ್ಲೊಮಾ ಮುಗಿಸಿ ಒಂದೂವರೆ ವರ್ಷ ಮನೆಯಲ್ಲಿ ಕೂತು, ನೆಂಟರಿಷ್ಟರೆಲ್ಲರ ಬಿಟ್ಟಿ ಸಲಹೆ ಕೇಳಿ ಕಿವಿ ತೂತಾಗಿದ್ದವಳಿಗೆ ತುಮಕೂರಿನ ಆಚೆ ಬಿಸ್ಕತ್ತು ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ! ಅಮ್ಮ ನನ್ನನ್ನು ತಬ್ಬಿಕೊಂಡಳು, ಆಮೇಲೆ ಲುಂಗಿ ಒದ್ದೆ ಇದೆ ಎಂದು ಬೈದಳು.

ತೊಡಕು ಒಂದೇ ಇತ್ತು. ಫ್ಯಾಕ್ಟರಿಯ ವ್ಯಾನು ತುಮಕೂರಿನ ಸದಾಶಿವನಗರದ ಕಡೆ ಬೆಳಿಗ್ಗೆ ಐದೂವರೆಗೇ ಬಂದು ಹೋಗುತ್ತದೆ. ಆ ಹೊತ್ತಿಗೆ ಗುಬ್ಬಿಯಿಂದ ನನ್ನನ್ನು ಅಲ್ಲಿಗೆ ಮುಟ್ಟಿಸುವ ಬಸ್ಸೂ ಇಲ್ಲ, ರೈಲೂ ಇಲ್ಲ. ಪಿಜಿಯಲ್ಲಿ ಇರುತ್ತೇನೆ ಅಂದರೆ ಅಪ್ಪ ಟಿವಿ ಸೌಂಡು ಜಾಸ್ತಿ ಮಾಡುತ್ತಿದ್ದ. ಇನ್ನುಳಿದದ್ದು, ಇಡೀ ಮನೆಯೇ ತುಮಕೂರಿಗೆ ಹೋಗುವುದು. ಅಪ್ಪನಿಗೆ ಅದೇನು ಕಷ್ಟವಿರಲಿಲ್ಲ. ಅವನದು ಲಗೇಜ್ ಆಟೋ. ಗುಬ್ಬಿಯ ಸ್ಟ್ಯಾಂಡಿನಲ್ಲಿ ಅರ್ಧ ದಿನ ಪೇಪರ್ ಓದುತ್ತಿದ್ದ, ತುಮಕೂರಿನಲ್ಲಾದರೆ ಓದಲು ಪುರುಸೊತ್ತೇ ಸಿಗುವುದಿಲ್ಲ ಎಂದು ಅವನ ಸ್ನೇಹಿತರು ಹೇಳುತ್ತಿದ್ದರು. ಅಮ್ಮನಂತೂ ಕೇಳುವ ಮೊದಲೇ ಅಟ್ಟದ ಮೇಲಿನ ಪಾತ್ರೆ ಇಳಿಸತೊಡಗಿದ್ದಳು.

ಬರುವುದಿಲ್ಲ ಅಂದವಳು ಅಜ್ಜಿ, ಅಪ್ಪನ ತಾಯಿ. ಅವಳನ್ನು ಬಿಟ್ಟು ಅಪ್ಪ ಒಂದು ಹೆಜ್ಜೆ ಇಡುವವನಲ್ಲ. ಫ್ಯಾಕ್ಟರಿಯವರು ಭಾನುವಾರ ಸಂಜೆಯೊಳಗೆ ಹೂಂ ಅನ್ನಿ, ಇಲ್ಲವೇ ಉಹೂಂ ಅನ್ನಿ ಎಂದಿದ್ದರು. ಶನಿವಾರ ನಾನು ಊಟ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಸ್ವಲ್ಪ ಮೆತ್ತಗಾದಳು.

"ಆಯ್ತು, ಬತ್ತೀನಿ. ಆದ್ರೆ ಬೇಳೆ ಬೇಯೋ ನೀರಿರೋ ಮನೆ ನೋಡ್ರಿ. ಬೇಯ್ದಿದ್ರೆ ನನ್ನ ಕೇಳ್ಲೇಬ್ಯಾಡಿ."

ನಮ್ಮ ಕಡೆ ಇದು ತಮಾಷೆಯ ಮಾತಲ್ಲ. ಬೋರಿನ ಗಡಸು ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಜಲ್ಲಿಕಲ್ಲಿನ ಹಾಗೇ ಇರುತ್ತದೆ. ಹೆಣ್ಣು ಕೊಡುವಾಗಲೂ ಅಜ್ಜಿ ಮೊದಲು ವಿಚಾರಿಸುತ್ತಿದ್ದದ್ದು ಆ ಊರಿನ ನೀರನ್ನು. ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಡ್ಯಾಮಿನ ಕೆಳಗೆ ಕೊಟ್ಟಿರುವ ತನ್ನ ಮಗಳ, ಅಂದರೆ ನನ್ನ ಸೋದರತ್ತೆಯ ಮಾತು ಬಂದರೆ, ಅವರ ಮನೆಯಿಂದ ಇವತ್ತಿಗೂ ಒಬ್ಬರೂ ಊರು ಬಿಟ್ಟಿಲ್ಲ, ಕಾಲುವೆಯಲ್ಲಿ ನೀರು ಬಂದರೆ ಸಾಕು ಅವರಿಗೆ ಎಂದು ಅಜ್ಜಿ ಹೆಮ್ಮೆ ಪಡುತ್ತಿದ್ದಳು.

ಹಾಗಾಗಿ ಭಾನುವಾರ ಬೆಳಿಗ್ಗೆ ನಾವು ನಾಲ್ಕೂ ಜನ ಲಗೇಜ್ ಆಟೋದಲ್ಲಿ ಹೊರಟೆವು. ಮುಂದೆ ಅಪ್ಪ, ಅಮ್ಮ. ಹಿಂದೆ, ಹಗ್ಗದಲ್ಲಿ ಬಿಗಿದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಜ್ಜಿ, ಅವಳ ಕಾಲ ಬಳಿ ನಾನು, ನನ್ನ ತೊಡೆಯ ಮೇಲೆ ಚಿಕ್ಕ ಗ್ಯಾಸ್ ಸ್ಟೌ, ಒಂದು ಪಾತ್ರೆ, ಬಟ್ಟೆಯಲ್ಲಿ ಕಟ್ಟಿದ ಬೇಳೆ. ಕುಕ್ಕರ್ ಬೇಡ ಎಂದಿದ್ದಳು ಅಜ್ಜಿ. "ಕುಕ್ಕರು ಬಲವಂತ ಮಾಡಿ ಬೇಯ್ಸುತ್ತೆ. ನೀರು ತಾನಾಗೇ ಬೇಯ್ಸ್ಬೇಕು." ಹೈವೇಯಲ್ಲಿ ಬಸ್ಸಿನವರೆಲ್ಲ ಕಿಟಕಿಯಿಂದ ಬಗ್ಗಿ ನೋಡಿದರು. ಅಜ್ಜಿ ಅವರಿಗೆ ಕೈ ಬೀಸಿದಳು. ನಾನು ನಗು ತಡೆಯಲಾರದೆ ಬೇಳೆ ಗಂಟಿಗೆ ಮುಖ ಒತ್ತಿಕೊಂಡೆ.

ಮೊದಲ ಮನೆ ಕ್ಯಾತ್ಸಂದ್ರದಲ್ಲಿ, ಕಾಲೇಜು ಹುಡುಗರೇ ತುಂಬಿದ್ದ ಕಟ್ಟಡದಲ್ಲಿ. ಖಾಲಿ ಅಡುಗೆಮನೆಯಲ್ಲಿ ಸ್ಟೌ ಹಚ್ಚಿ ನಾವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆವು. ಮಾಲೀಕರು ಕಾಲು ಗಂಟೆ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ, "ಮನೆ ನೋಡಕ್ಕೆ ಬಂದಿದೀರೋ, ತಿಥಿ ಮಾಡಕ್ಕೆ ಬಂದಿದೀರೋ?" ಎಂದರು. ಮುಕ್ಕಾಲು ಗಂಟೆಯಾದ ಮೇಲೆ ಅಜ್ಜಿ ಒಂದು ಕಾಳನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಇಟ್ಟು ಹಿಸುಕಿದಳು. ಅದು ಅಲುಗಲಿಲ್ಲ. "ನಡೀರಿ," ಎಂದಳು.

ಎರಡನೆಯ ಮನೆಯಲ್ಲಿ ಬೇಳೆ ಕರಗಿ ನೀರಾಗಿಹೋಯಿತು. ಅಪ್ಪ ಕುಣಿಯುವುದೊಂದೇ ಬಾಕಿ. ಆದರೆ ಆ ಮನೆಯೊಡತಿ ಬಾಗಿಲಿಗೆ ಅಡ್ಡ ನಿಂತರು. ನೀರಿನ ವಿಷಯದಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳುವವರು ಸಂಪು ಖಾಲಿ ಮಾಡಿಬಿಡುತ್ತಾರೆ, ನಮಗೆ ಬೇಡ ಅಂದುಬಿಟ್ಟರು! ಎಂಥ ಅನ್ಯಾಯ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಟೋ ಹತ್ತಿದ ಮೇಲೆ ನಾವೇ ಮುಖ ಮುಖ ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕೆವು, ಅಜ್ಜಿಯೂ ಸೇರಿ.

ಮೂರನೆಯದು ಸದಾಶಿವನಗರದಲ್ಲಿ, ವ್ಯಾನು ನಿಲ್ಲುವ ತಿರುವಿನಲ್ಲೇ. ಆಗಲೇ ನಾಲ್ಕು ಗಂಟೆ. ಒಡತಿ ನಮ್ಮಮ್ಮನ ವಯಸ್ಸಿನ ಮುಸ್ಲಿಂ ಹೆಂಗಸು. ಅವರ ಯಜಮಾನರಿಗೆ ಪೇಟೆಯಲ್ಲಿ ಬಳೆ ಅಂಗಡಿ. ನಮ್ಮ ಸ್ಟೌ ನೋಡಿ ಅವರು ಗಾಬರಿಯಾಗಲಿಲ್ಲ. ಅಜ್ಜಿಗೆ ಮಣೆ ಹಾಕಿ, ಟೀ ತಂದು ಕೊಟ್ಟರು. ಮನೆ ಚೆನ್ನಾಗಿತ್ತು. ಗಾಳಿ ಬೆಳಕು ಇತ್ತು, ಮುಂದೆ ಆಟೋ ನಿಲ್ಲಿಸಲು ಜಾಗವಿತ್ತು. ಇನ್ನು ಉಳಿದದ್ದು ಪಾತ್ರೆಯೊಳಗಿನ ಸಮಾಚಾರ. ಇದೂ ತಪ್ಪಿದರೆ ಮತ್ತೆ ಗುಬ್ಬಿ, ಮತ್ತೆ ತಾರಸಿ, ಮತ್ತೆ ಬಟ್ಟೆ.

ಅಮ್ಮ ತಟ್ಟೆ ತೆಗೆದಳು. ನೋಡಿದ ಕೂಡಲೇ ಗೊತ್ತಾಯಿತು. ನೀರು ಒಂದು ಕಡೆ, ಬೇಳೆ ಒಂದು ಕಡೆ, ಒಂದಕ್ಕೊಂದು ಪರಿಚಯವೇ ಇಲ್ಲ.

ಅಮ್ಮ ಒಂದು ಚಮಚ ಬಾಯಿಗೆ ಹಾಕಿಕೊಂಡಳು. ಕಟಕ್ ಎಂದದ್ದು ನನಗೆ ಕೇಳಿಸಿತು. "ಬೆಂದೈತೆ, ಅತ್ತೆ," ಎಂದಳು, ಕಣ್ಣು ಕೂಡ ಮಿಟುಕಿಸದೆ. ಅಪ್ಪ ಚಮಚ ಕಿತ್ತುಕೊಂಡು ತಾನೂ ಅಗಿದ. "ಬೆಣ್ಣೆ ಕಣವ್ವ, ಬೆಣ್ಣೆ!" ಅವನ ದವಡೆ ಎತ್ತು ಮೆಲುಕು ಹಾಕುವಂತೆ ಆಡುತ್ತಿತ್ತು. ನಾನು ಅಗಿಯಲು ಹೋಗದೆ ನುಂಗಿ, "ಸೂಪರಾಗಿದೆ ಅಜ್ಜಿ," ಎಂದೆ. ಒಡತಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು.

ಅಜ್ಜಿ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಒಂದು ಕಾಳು ತೆಗೆದು ಹಿಸುಕಿದಳು. ಅದು ಬೆರಳಿನಿಂದ ಚಿಮ್ಮಿ ಸ್ಟೀಲ್ ಸಿಂಕಿಗೆ ಠಣ್ ಎಂದು ಬಡಿಯಿತು. ಮುಗಿಯಿತು ಕಥೆ ಅಂದುಕೊಂಡೆ.

ಅಜ್ಜಿ ಇನ್ನೊಂದು ಕಾಳು ತೆಗೆದು ಬಾಯಿಗೆ ಹಾಕಿಕೊಂಡು, ಟೀ ಕುಡಿದು ನುಂಗಿದಳು.

"ಬೆಂದೈತೆ ಬುಡು," ಎಂದಳು.

ಒಡತಿಗೆ ಇನ್ನು ತಡೆಯಲಾಗಲಿಲ್ಲ. "ಯಾ ಅಲ್ಲಾ! ಮದ್ವೆ ಆಗಿ ಬಂದಾಗಿಂದ ನಮ್ಮ ಬೋರ್ ನೀರಲ್ಲಿ ಒಂದಿನ ಬೇಳೆ ಬೆಂದಿಲ್ಲ. ನೀವು ನಾಲ್ಕ್ ಜನ ಬಂದು ಬೇಯ್ಸ್ಬಿಟ್ರಲ್ಲ ಅಜ್ಜಿ!" ಎಂದು ನಗುತ್ತಾ ಕೂತೇಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು, ನಲ್ಲಿಯಲ್ಲಿ ಹೇಮಾವತಿ ನೀರು ಬಂದ ದಿನ ಡ್ರಮ್ಮಿಗೆ ತುಂಬಿಟ್ಟುಕೊಳ್ಳಿ, ಅಡುಗೆಗೆ ಅದೇ ಆಗುತ್ತದೆ ಎಂದು ಸಮಾಧಾನ ಮಾಡಿದರು. ಅಪ್ಪ ಆಗಲೇ ಗೋಡೆಗೆ ಗೇಣು ಹಾಕಿ ಬೀರು ಹಿಡಿಯುತ್ತದೋ ಇಲ್ಲವೋ ನೋಡುತ್ತಿದ್ದ. ನಾನು ಫ್ಯಾಕ್ಟರಿಗೆ ಫೋನು ಮಾಡಿ ಬರ್ತೀನಿ ಸಾರ್ ಎಂದು ಎರಡು ಸಲ ಕೂಗಿದೆ, ಅವರು ಕೇಳಿಸಿತಮ್ಮಾ ಎಂದರು.

ತಿರುಗಿ ನೋಡಿದರೆ ಅಜ್ಜಿ ಅಡುಗೆಮನೆಯಲ್ಲಿ ಇರಲಿಲ್ಲ. ಮುಂದಿನ ಕೋಣೆಯಲ್ಲಿ, ರಸ್ತೆಯ ಕಡೆಯ ಕಿಟಕಿ ಹಿಡಿದುಕೊಂಡು ನಿಂತಿದ್ದಳು.

"ನನ್ನ ಮಂಚ ಇಲ್ಲಿ ಹಾಕ್ರಿ," ಎಂದಳು ಅಪ್ಪನಿಗೆ. "ಕೂಸು ವ್ಯಾನ್ ಹತ್ತೋದು ನಂಗೆ ಕಾಣ್ಬೇಕು."