ಫಿನ್ಲಂಡಿಗೆ ಇನ್ನೊಂದು ರೊಟ್ಟಿ

ಖಾನಾವಳಿ ಆಯಿಯ ಬಲ ರಟ್ಟೆ ಎಡ ರಟ್ಟೆಗಿಂತ ಒಂದೂವರೆ ಪಟ್ಟು ದಪ್ಪವಿತ್ತು. ಕುಪ್ಪಸದ ಬಲತೋಳಿಗೆ ಮಾತ್ರ ದರ್ಜಿ ಹೆಚ್ಚಿಗೆ ಒಂದು ಪಟ್ಟಿ ಸೇರಿಸಿ ಹೊಲಿಯುತ್ತಿದ್ದ. ಗಂಡ ತೀರಿಕೊಂಡಾಗಿನಿಂದ ಜೋಳದ ರೊಟ್ಟಿ ಬಡಿದು ಬಡಿದು ಬೆಳೆದ ರಟ್ಟೆ ಅದು. “ಈ ಕೈ ಪೈಲವಾನಂದು, ಈ ಕೈ ಹೆಣ್ಣಮಗಳದು” ಎಂದು ಎರಡನ್ನೂ ಮುಂದೆ ಚಾಚಿ ತೋರಿಸುತ್ತಿದ್ದಳು. ನಾನು ಆ ಎರಡು ಕೈಗಳ ನಡುವೆ ಕುಸ್ತಿ ಹಚ್ಚಿ, ಅಖಾಡದ ಕಾಮೆಂಟ್ರಿ ಹೇಳಿ, ಕೊನೆಗೆ ಎಡಗೈಯನ್ನೇ ಗೆಲ್ಲಿಸುತ್ತಿದ್ದೆ. ಖಾನಾವಳಿಯಲ್ಲಿ ಉಣ್ಣುತ್ತ ಕೂತವರೆಲ್ಲ ನಗುತ್ತಿದ್ದರು. ನಗದವನು ಒಬ್ಬನೇ ಇದ್ದ. ಅವನ ಹೆಸರು ಫಿನ್ಲಂಡ.

ಹೆಸರಲ್ಲ, ದೇಶ. ಆದರೆ ಆಯಿ ಯಾರನ್ನೂ ಹೆಸರು ಹಿಡಿದು ಕರೆದವಳಲ್ಲ.

ಸವದತ್ತಿಯಿಂದ ಹೂಲಿಗೆ ಹೋಗುವ ದಾರಿಯಲ್ಲಿ, ಊರು ಮುಗಿದು ಹೊಲ ಶುರುವಾಗುವಲ್ಲಿ ಅವಳ ಖಾನಾವಳಿ. ತಗಡಿನ ಛತ್ತು, ಕೂರಲು ನಾಲ್ಕು ಬಾಕು, ಹೊರಗೆ ಬೇವಿನ ಮರದ ಕೆಳಗೊಂದು ಕಲ್ಲಿನ ಕಟ್ಟೆ. ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಪಂಖಗಳನ್ನು ನಿಲ್ಲಿಸುವ ಕೆಲಸ ನಡೆದಾಗ ನಾಲ್ಕಾರು ದೇಶದ ಎಂಜಿನಿಯರುಗಳು ಬಂದರು. ಅವರಿಗೂ ಇಲ್ಲಿನ ಕೆಲಸಗಾರರಿಗೂ ನಡುವೆ ದುಭಾಷಿಯಾಗಲು ಗುತ್ತಿಗೆದಾರ ನನ್ನನ್ನು ಬೈಲಹೊಂಗಲದಿಂದ ಕರೆಸಿಕೊಂಡ. ಕಿತ್ತೂರಿನ ಒಂದು ಕಾರ್ಯಕ್ರಮದಲ್ಲಿ ನಾನು ವಿದೇಶಿ ಸಾಹೇಬರ ಮಿಮಿಕ್ರಿ ಮಾಡಿದ್ದನ್ನು ನೋಡಿ, ಈ ಹುಡುಗನಿಗೆ ಇಂಗ್ಲಿಷು ನೀರು ಕುಡಿದಂತೆ ಬರುತ್ತದೆ ಅಂದುಕೊಂಡಿದ್ದನಂತೆ ಪಾಪ. ನನಗೆ ಬರುತ್ತಿದ್ದುದು ಇಂಗ್ಲಿಷಿನ ಸಪ್ಪಳ. ಇಂಗ್ಲಿಷು ಆಮೇಲೆ, ಪಗಾರ ಸಿಗತೊಡಗಿದ ಮೇಲೆ, ನಾಚಿಕೊಂಡು ಒಂದೊಂದೇ ಹೆಜ್ಜೆ ಇಟ್ಟು ಬಂತು.

ಈ ಮಂದಿಯನ್ನು ಮಧ್ಯಾಹ್ನ ಊಟಕ್ಕೆ ಆಯಿಯ ಹತ್ತಿರ ಕರೆತರುವುದೂ ನನ್ನ ಕೆಲಸವೇ. ಒಲೆಯ ಮುಂದಿನಿಂದಲೇ ಆಯಿ ಸೊಸೆಗೆ ಕೂಗುತ್ತಿದ್ದಳು. “ಏ ಹುಡುಗಿ, ಜರ್ಮನಿಗೆ ಪಲ್ಯಾ ಹಾಕ. ಸ್ಪೇನ ನೀರ ಕೇಳಾಕತ್ತೈತಿ. ಡೆನ್ಮಾರ್ಕ ಮೆಣಸಿನಕಾಯಿ ಕಡದು ಅಳಾಕತ್ತೈತಿ ನೋಡ, ಲಗೂನ ಮೊಸರ ಕೊಡ!” ವಿಶ್ವಸಂಸ್ಥೆಯಲ್ಲೂ ಇಷ್ಟು ಕಾಳಜಿ ಇರಲಿಕ್ಕಿಲ್ಲ.

ಇಲ್ಲೊಂದು ರಿವಾಜು ಹೇಳಬೇಕು. ನಮ್ಮ ಕಡೆ ಉಣ್ಣಲು ಕೂತವನು ‘ಸಾಕು’ ಅಂದರೆ ಅದು ಮರ್ಯಾದೆಯ ಮಾತು, ಹೊಟ್ಟೆಯ ಮಾತಲ್ಲ. ಮೊದಲ ಸಾಕಿಗೆ ಬಡಿಸುವವರು ಕಿವಿಯನ್ನೇ ಕೊಡುವುದಿಲ್ಲ. ಎರಡನೆಯದಕ್ಕೆ “ಸಣ್ಣದೈತಿ, ತಗೋರಿ” ಅನ್ನುತ್ತಾರೆ. ಮೂರನೆಯ ಸಲ ತಾಟಿನ ಮೇಲೆ ಅಂಗೈ ಬೋರಲು ಹಿಡಿದರೆ ಮಾತ್ರ ನಂಬಿ ಹಿಂದೆ ಸರಿಯುತ್ತಾರೆ. ಮೊದಲ ಸಾಕಿಗೇ ನಿಲ್ಲಿಸುವ ಮನೆಯೆಂದರೆ ಜಿಪುಣರ ಮನೆ. ಅಂಥ ಮನೆಗೆ ಹೆಣ್ಣು ಕೊಡಲು ಜನ ಹಿಂದೆ ಮುಂದೆ ನೋಡುತ್ತಾರೆ.

ಜರ್ಮನಿಗೆ ಇದೇನು ಗೊತ್ತು? ಅವನು ಒಮ್ಮೆ ಬೇಡ ಅಂದರೆ ಬೇಡ. ಆಯಿ ಅದನ್ನು ಮರ್ಯಾದೆಯೆಂದು ತಿಳಿದು ರೊಟ್ಟಿ ಹಾಕುವಳು. ಬಿಟ್ಟರೆ ಅವಮಾನವಾದೀತೆಂದು ಅವನು ತಿನ್ನುವನು. ತಿಂದನಲ್ಲ, ಹಸಿದಿದ್ದಾನೆಂದು ಅವಳು ಮತ್ತೊಂದು ಹಾಕುವಳು. ಹೀಗೆ ಇಬ್ಬರು ಸಂಭಾವಿತರು ಸೇರಿ ಒಂದು ಹೊಟ್ಟೆಯನ್ನು ಹಾಳು ಮಾಡಿದರು. ನಾನು ರಿವಾಜು ತಿಳಿಸಿಕೊಟ್ಟ ಮರುದಿನ ಜರ್ಮನಿ ಕೂರುವ ಮೊದಲೇ ಖಾಲಿ ತಾಟಿನ ಮೇಲೆ ಎರಡೂ ಕೈ ಹಿಡಿದು “ಸಾಕು ಸಾಕು ಸಾಕು” ಅಂದ. ಆಯಿ ಬಿದ್ದು ಬಿದ್ದು ನಕ್ಕಳು. “ಜರ್ಮನಿ ಶಾಣ್ಯಾ ಐತಿ. ಆದ್ರ ಅವಸರ ಭಾಳ.”

ಅವತ್ತಿನಿಂದ ಖಾನಾವಳಿಯಲ್ಲಿ ಒಂದು ಚರ್ಚೆ ಹತ್ತಿಕೊಂಡಿತು. ಯಾವ ದೇಶದ ಮಂದಿ ಚಲೋ? ಲಾರಿಯವರು, ಮನೋಳಿಯಿಂದ ಬದನೆಕಾಯಿ ತರುವವರು, ಹೂಲಿ ಶಾಲೆಯ ಒಬ್ಬ ಮಾಸ್ತರರು, ಎಲ್ಲರೂ ಬಾಯಿ ಹಾಕುವವರೇ. ತೀರ್ಪು ಮಾತ್ರ ಆಯಿಯದು. ಸ್ಪೇನ ನಗಸ್ತೈತಿ, ಆದ್ರ ಮಾತಿನ ಭರದಾಗ ರೊಟ್ಟಿ ಆರಿಸ್ತೈತಿ. ಡೆನ್ಮಾರ್ಕ ಉಪ್ಪು ಹಾಕಿದರೂ ಥ್ಯಾಂಕ್ಸ್ ಅಂತೈತಿ, “ಅಷ್ಟ ಥ್ಯಾಂಕ್ಸ್ ನಾ ಎಲ್ಲಿ ಇಟಗೊಳ್ಳಿ?”

ಮಾಸ್ತರರಿಗೆ ತಡೆಯಲಾಗಲಿಲ್ಲ. “ಅಲ್ಲ ಆಯಿ, ಒಬ್ಬನ್ನ ನೋಡಿ ಇಡೀ ದೇಶನ ಹಿಂಗಂತ ಹೇಳೂದು ಸರಿ ಏನು?”

“ಮಾಸ್ತರ, ಅನ್ನ ಬೆಂದೈತೋ ಇಲ್ಲೋ ನೋಡಾಕ ಇಡೀ ಡಬರಿ ಹಿಚಕ್ತೀರೇನು? ಒಂದ ಅಗಳ ಹಿಚಕ್ತೀರಿ.”

“ಹಂಗಾರ ಫಸ್ಟ್ ನಂಬರ್ ಯಾರು?” ನಾನು ಕೇಳಿದೆ.

“ಫಿನ್ಲಂಡ.”

ಎಲ್ಲರಿಗೂ ಸೋಜಿಗ. ಫಿನ್ಲಂಡ ಎಂದರೆ ಬಾಗಿಲಿಗೆ ತಲೆ ಬಗ್ಗಿಸಿ ಬರುವ ಎತ್ತರದ, ಬಿಳಿ ಹುಬ್ಬಿನ, ಪಂಖದ ಗೇರುಚಕ್ರ ಕೂಡಿಸುವ ಮನುಷ್ಯ. ಅವನು ಒಮ್ಮೆಯೂ ಸಾಕು ಅನ್ನಲಿಲ್ಲ, ಬೇಕು ಅನ್ನಲಿಲ್ಲ. ಉಣ್ಣುವಷ್ಟು ಉಂಡು, ಸುಮ್ಮನೆ ತಾಟಿನ ಮೇಲೆ ಅಂಗೈ ಇಡುತ್ತಿದ್ದ. ಯಾರೂ ಕಲಿಸಿದ್ದಲ್ಲ. ಆಮೇಲೆ ಹೊರಗಿನ ಕಟ್ಟೆಯ ಒಂದು ತುದಿಗೆ ಕೂರುವನು. ಗಿರಾಕಿಗಳು ಕಡಿಮೆಯಾದ ಮೇಲೆ ಆಯಿ ಎಲೆ ಅಡಿಕೆ ಚೀಲ ತೆಗೆದುಕೊಂಡು ಇನ್ನೊಂದು ತುದಿಗೆ ಕೂರುವಳು. ಅವನು ಗುಡ್ಡ ನೋಡುವನು, ಅವಳು ರಸ್ತೆ ನೋಡುವಳು. ಮಾತಿಲ್ಲ ಕಥೆಯಿಲ್ಲ. ನನಗೆ ಅದನ್ನು ನೋಡಿದರೆ ಮೈಯೆಲ್ಲ ತುರಿಕೆ. ನಡುವೆ ಹೋಗಿ ಕೂತು ಅವನ ದನಿಯಲ್ಲಿ ಒಂದು, ಅವಳ ದನಿಯಲ್ಲಿ ಒಂದು, ಇಬ್ಬರ ಸಂಭಾಷಣೆಯನ್ನೂ ನಾನೇ ನಡೆಸುತ್ತಿದ್ದೆ.

“ಗುಡ್ಡದ ಫ್ಯಾನಾದ್ರೂ ಗಾಳಿ ನಿಂತ್ರ ನಿಂದರತೈತಿ,” ಅನ್ನುವಳು ಆಯಿ. “ನಿನ್ನ ಬಾಯಿಗೆ ಅದೂ ಬ್ಯಾಡ.”

ಫಿನ್ಲಂಡಿಗೆ ಯಾಕೆ ಫಸ್ಟ್ ನಂಬರು ಎಂದು ಅವತ್ತು ಮಾಸ್ತರರು ಪಟ್ಟು ಹಿಡಿದರು. ಆಯಿ ಹಿಟ್ಟಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ವಿಚಾರ ಮಾಡಿದಳು. “ನಿಮ್ಮೆಲ್ಲಾರ ಮುಂದ ನಾ ಆಯಿ ಆಗಬೇಕರಿ. ನಗಬೇಕು, ಬೈಬೇಕು, ಉಣ್ಣ ಉಣ್ಣ ಅನಬೇಕು. ಅವನ ಮುಂದ ಸುಮ್ಮ ಕುಂದರಾಕ ಬರತೈತಿ.”

“ನಮ್ಮ ಮಂದಿಗೆ ಎಷ್ಟನೇ ನಂಬರ್ರೀ?” ಲಾರಿಯವನೊಬ್ಬ ಕೇಳಿದ.

“ಮನ್ಯಾಗಿನವರಿಗೆ ಯಾರರ ನಂಬರ ಕೊಡತಾರೇನು?”

“ನನಗ?” ಅಂದೆ ನಾನು.

“ನೀ ಯಾವ ದೇಶದಾಂವಲೇ? ಎಲ್ಲಾರ ದನಿ ಐತಿ ನಿನ್ನ ಹತ್ತರ. ನಿಂದ ಯಾವದು?”

ಎಲ್ಲರೂ ನಕ್ಕರು, ನಾನೇ ಹೆಚ್ಚು ನಕ್ಕೆ. ಅದೇ ಮಾತನ್ನು ಅವಳ ದನಿಯಲ್ಲಿ ತಿರುಗಿ ಹೇಳಿ ಚಪ್ಪಾಳೆ ಹೊಡೆಸಿಕೊಂಡೆ.

ಕೆಲಸ ಮುಗಿದು ಎಲ್ಲ ದೇಶಗಳೂ ತಮ್ಮ ತಮ್ಮ ದೇಶಕ್ಕೆ ಹೋದವು. ಹೋದ ಮೇಲೆ ಫೋನು ಮಾಡಿದವನು ಫಿನ್ಲಂಡ ಒಬ್ಬನೇ. ಭಾನುವಾರ ಮಧ್ಯಾಹ್ನ ಸೊಸೆಯ ಮೊಬೈಲಿಗೆ ಬರುತ್ತಿತ್ತು. “ಆಯಿ” ಅನ್ನುವನು. “ಉಂಡ್ಯಾ?” ಅನ್ನುವಳು. “ಉಂಡೆ” ಅನ್ನುವನು. ಅಲ್ಲಿಗೆ ಅವನ ಕನ್ನಡವೂ ಮುಗಿಯಿತು, ಅವಳ ಪ್ರಶ್ನೆಯೂ ಮುಗಿಯಿತು. ಆದರೆ ಇಬ್ಬರೂ ಫೋನು ಇಡುತ್ತಿರಲಿಲ್ಲ. ಆಯಿ ಅದನ್ನು ಕಿವಿಗೂ ಹೆಗಲಿಗೂ ನಡುವೆ ಸಿಗಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಪಟ ಪಟ ಪಟ. ಸೊಸೆ “ಫೋನ್ ಕಟ್ ಆಗೇತೇನ್ರಿ ಅತ್ತಿ?” ಎಂದು ಕೇಳಿದರೆ “ಇಲ್ಲ, ಅದಾನ” ಅನ್ನುವಳು. ಎರಡು ಮೂರು ಹಂಚು ರೊಟ್ಟಿ ಬೆಂದ ಮೇಲೆ “ಇಡತೇನಪಾ” ಎಂದು ಇಡುವಳು. ಈ ಪ್ರಸಂಗವನ್ನು ನಾನು ರಾಮದುರ್ಗದ ಒಂದು ಮದುವೆಯ ವೇದಿಕೆಯಲ್ಲಿ ಮಾಡಿ ತೋರಿಸಿದಾಗ ಜನ ಕುರ್ಚಿಯಿಂದ ಬಿದ್ದಿದ್ದರು. ಆಗ ನಾನು ದುಭಾಷಿತನ ಬಿಟ್ಟು ಪೂರಾ ಮಿಮಿಕ್ರಿಗೇ ಇಳಿದಿದ್ದೆ. ಕಾರ್ಯಕ್ರಮಕ್ಕೆ ಹೋಗುವಾಗ ಬರುವಾಗ ಆಯಿಯ ಹತ್ತಿರ ಉಂಡೇ ಹೋಗುವುದು.

ಒಂದು ಮುಂಜಾನೆ ಒಲೆಯ ಮುಂದೆಯೇ ಆಯಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಆಸ್ಪತ್ರೆಯಿಂದ ತಂದು ಖಾನಾವಳಿಯ ಹಿಂದಿನ ಕೋಣೆಯಲ್ಲಿ ಮಲಗಿಸಿದರು. ಆ ಪೈಲವಾನನ ಕೈ ಹಾಸಿಗೆಯ ಮೇಲೆ ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ ಬಿದ್ದಿರುತ್ತಿತ್ತು. ನನ್ನ ಕುಸ್ತಿ ಕಾಮೆಂಟ್ರಿಯಲ್ಲಿ ಪ್ರತಿ ಸಲ ಗೆಲ್ಲುತ್ತಿದ್ದ ಎಡಗೈ ಈಗ ನಿಜವಾಗಿ ಗೆದ್ದಿತ್ತು.

ಆಯಿಯ ಕೂಗಿಲ್ಲದೆ ಗಿರಾಕಿಗಳು ಮಂಕಾಗಿದ್ದರು. ನಾನು ಹೋದಾಗ ಸೊಸೆಯೇ ಕೇಳಿದಳು, “ಅಣ್ಣಾರ, ಒಮ್ಮೆ ಅತ್ತಿ ದನೀಲೆ ಕೂಗ್ರಲಾ.” ನಾನು ಒಳಗಿನಿಂದ ಹಸಿರು ಅಂಗಿಯ ಗಿರಾಕಿಯೊಬ್ಬನಿಗೆ “ಏ ಹಸರಂಗಿ, ರೊಟ್ಟಿ ಹಾಕಲ್ಯಾ?” ಎಂದು ಕೂಗಿದೆ. ಹೊರಗೆ ನಗುವೋ ನಗು. ಆಯಿ ಕೂಡ ಅರ್ಧ ಬಾಯಿಯಲ್ಲಿ ನಕ್ಕಳು. ನನಗೆ ಅಷ್ಟು ಸಾಕಾಯಿತು. ಈ ಮನೆಯಲ್ಲಿ ಇನ್ನು ಮೇಲೆ ಅವಳ ದನಿ ನಾನೇ ಎಂದು ನನ್ನಷ್ಟಕ್ಕೆ ನೇಮಕ ಮಾಡಿಕೊಂಡುಬಿಟ್ಟೆ.

ಅವತ್ತು ಭಾನುವಾರ. ಫೋನು ಬಂತು. ಸೊಸೆ ಸ್ಪೀಕರು ಹಚ್ಚಿ ಆಯಿಯ ಕಿವಿಯ ಹತ್ತಿರ ಹಿಡಿದಳು.

“ಆಯಿ.”

ಆಯಿಯ ತುಟಿ ಅಲುಗಿತು. ಮಾತು ಬರಲಿಲ್ಲ, ಉಸಿರು ಬಂತು. ಆ ಕಡೆಯಿಂದಲೂ ಏನಿಲ್ಲ. ಅವನು ಕಾಯುತ್ತಿದ್ದ, ಕಟ್ಟೆಯ ಮೇಲೆ ಕೂತಾಗಿನಂತೆ. ಇಬ್ಬರಿಗೂ ಅದು ಹೊಸದೇನೂ ಅಲ್ಲ. ಹೊಸದಾಗಿದ್ದು, ತಡೆಯಲಾರದ್ದು, ನನಗೆ. ಬಗ್ಗಿ, ಫೋನಿಗೆ ಬಾಯಿ ಹಚ್ಚಿ, ಅವಳ ದನಿಯಲ್ಲಿ ಕೇಳಿಯೇಬಿಟ್ಟೆ: “ಉಂಡ್ಯಾ?”

ಒಂದು ಗಳಿಗೆ ತಡವಾಗಿ “ಉಂಡೆ” ಎಂದು ಬಂತು.

ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ವೇದಿಕೆಯ ಚಟ. “ಅಲ್ಲೆ ಚಳಿ ಭಾಳೈತೇನಪಾ? ಮಳಿ ಆತೇನು?” ಎಂದು ಡೈಲಾಗು ಹೊಡೆದೆ. ಸೊಸೆ ಸೆರಗು ಬಾಯಿಗೆ ಒತ್ತಿ ನಕ್ಕಳು. ಆಗ ಆಯಿಯ ಎಡಗೈ ನಿಧಾನವಾಗಿ ಎದ್ದು ಬಂದು, ಫೋನಿನ ಮೇಲೆ ಬೋರಲಾಗಿ ಕೂತಿತು. ತಾಟಿನ ಮೇಲೆ ಇಡುವಂತೆ.

ನಾನು ಅದನ್ನು ನೋಡಿದೆ. ಅರ್ಥವೂ ಆಯಿತು. ಆದರೆ ಮೊದಲ ಸಾಕಲ್ಲವೇ? ಇಷ್ಟೆಲ್ಲ ತ್ರಾಸು ಯಾಕೆ ತಗೋತಿ ಎಂಬ ಮರ್ಯಾದೆ ಅದು ಎಂದುಕೊಂಡೆ. ಕೈಯನ್ನು ಮೆಲ್ಲಗೆ ಎತ್ತಿ ಅವಳ ಎದೆಯ ಮೇಲೆ ಇಟ್ಟು ಮುಂದುವರಿಸಿದೆ. ನಮ್ಮ ಕಡೆಯ ಉಪಚಾರ, ಬಿಡುವುದುಂಟೇ?

ಮುಂದಿನ ಭಾನುವಾರ ಬೇಕೆಂದೇ ಬೈಲಹೊಂಗಲದಿಂದ ಬೈಕಿನಲ್ಲಿ ಹೋದೆ. ಅವತ್ತೂ ಕೈ ಎದ್ದಿತು, ಫೋನಿನವರೆಗೆ ಮುಟ್ಟಲಿಲ್ಲ. ಅದರ ಮುಂದಿನ ವಾರ ಫೋನು ಬಂದ ಕೂಡಲೇ ಆಯಿ ಗೋಡೆಯ ಕಡೆ ಮುಖ ತಿರುಗಿಸಿದಳು. ದಣಿದಿದ್ದಾಳೆ ಅಂದುಕೊಂಡೆ. ನಾನು ಫಿನ್ಲಂಡಿಗೆ ಸುಗ್ಗಿಯ ಸುದ್ದಿ ಹೇಳಿದೆ, ಬದನೆಕಾಯಿಯ ರೇಟು ಹೇಳಿದೆ. ಒಂದಕ್ಷರವೂ ತಿಳಿಯದವನಿಗೆ ಅವಳ ದನಿಯಲ್ಲಿ ಒಂದು ಹಾಡಿನ ತುಣುಕನ್ನೂ ಹಾಡಿದೆ. ಅದೇ ವಾರದಲ್ಲಿ ಆಯಿ ತೀರಿಕೊಂಡಳು.

ಮಣ್ಣು ಕೊಟ್ಟು ಬಂದ ನಂತರದ ಭಾನುವಾರ ಮತ್ತೆ ಫೋನು ಬಂತು. ಸೊಸೆ ಅದನ್ನು ನನ್ನ ಕಡೆ ಹಿಡಿದಳು. “ನೀವ ಹೇಳ್ರಿ.” ಬಾಯಿ ತೆರೆದರೆ ಗಂಟಲಲ್ಲಿ ಅವಳ ದನಿ ಸಿದ್ಧವಾಗಿ ನಿಂತಿತ್ತು. ಅದನ್ನು ನುಂಗಿ, ನನ್ನ ಹರಕು ಇಂಗ್ಲಿಷಿನಲ್ಲಿ, ಆಯಿ ತೀರಿಕೊಂಡಳು, ಕೆಲವು ವಾರದಿಂದ ಅವಳಿಗೆ ಮಾತಿರಲಿಲ್ಲ, ನಿನ್ನ ಜೊತೆ ಮಾತಾಡುತ್ತಿದ್ದವನು ನಾನು ಎಂದು ಹೇಳಿದೆ.

ಅವನು ಹೇಳಿದ್ದು ಇಷ್ಟು. “ಗೊತ್ತಿತ್ತು. ಆಯಿ ಎರಡನೆಯ ಪ್ರಶ್ನೆ ಎಂದೂ ಕೇಳಿದವಳಲ್ಲ.”

ಗೊತ್ತಿದ್ದೂ ಯಾಕೆ ಪ್ರತಿ ವಾರ ಫೋನು ಮಾಡುತ್ತಿದ್ದೆ ಎಂದು ಕೇಳಿದೆ.

“ನಿನ್ನ ದನಿಯ ಹಿಂದೆ ಅವಳ ಉಸಿರು ಕೇಳುತ್ತಿತ್ತು. ನೀನು ಮಾತು ನಿಲ್ಲಿಸಿದಾಗ.” ಸಿಟ್ಟಿಲ್ಲದೆ, ಗೇರಿನ ಹಲ್ಲು ಎಣಿಸುವವನ ದನಿಯಲ್ಲಿ ಸೇರಿಸಿದ: “ನೀನು ನಿಲ್ಲಿಸಿದ್ದು ಬಹಳ ಕಡಿಮೆ.”

ಅವನು ಬೈದಿದ್ದರೆ ಆ ಬೈಗುಳವನ್ನು ಅವನ ದನಿಯಲ್ಲೇ ತೆಗೆದು, ನಾಲ್ಕು ಮಂದಿಯನ್ನು ನಗಿಸಿ, ಹಗುರಾಗುತ್ತಿದ್ದೆ. ಅವನು ಅಷ್ಟು ಹೇಳಿ ಸುಮ್ಮನಾದ. ನಾನೂ ಸುಮ್ಮನೆ ಹಿಡಿದುಕೊಂಡು ಕೂತೆ. ಒಳಗೆ ಸೊಸೆ ಹಂಚಿಟ್ಟು ಹಿಟ್ಟು ನಾದಿದಳು, ಬಡಿಯತೊಡಗಿದಳು. ಆ ಸಪ್ಪಳ ಅವನಿಗೂ ಕೇಳಿಸಿರಬೇಕು. ಎರಡು ಹಂಚು ಬೆಂದವು. ಅವನೇ ಫೋನು ಇಟ್ಟ.

ಈಗ ನನ್ನ ಕಾರ್ಯಕ್ರಮದಲ್ಲಿ ಎಲ್ಲ ದೇಶಗಳೂ ಬರುತ್ತವೆ. ಜರ್ಮನಿ ತಾಟು ಮುಚ್ಚುತ್ತಾನೆ, ಸ್ಪೇನ ಕೈ ಬೀಸುತ್ತಾನೆ, ಡೆನ್ಮಾರ್ಕ ಉಪ್ಪಿಗೆ ಥ್ಯಾಂಕ್ಸ್ ಅನ್ನುತ್ತಾನೆ. ಮೊನ್ನೆ ಸಾಲಹಳ್ಳಿಯ ಮದುವೆಯಲ್ಲಿ ಎಲ್ಲ ಮುಗಿಸಿ ಇಳಿಯುವಾಗ ಹಿಂದಿನಿಂದ ಯಾರೋ ಕೂಗಿದರು. “ಆಯಿ ಉಳದಾಳಲ್ರೀ! ಖಾನಾವಳಿ ಆಯಿ ದನಿ ತಗೀರಿ!”

ನಾನು ಮೈಕಿನ ಮೇಲೆ ಅಂಗೈ ಬೋರಲು ಇಟ್ಟೆ.

“ಏ, ನಖರಾ ಮಾಡಾಕತ್ತಾನ! ಇನ್ನೊಮ್ಮೆ ಕೇಳ್ರಿ!” ಚಪ್ಪಾಳೆ, ಸೀಟಿ. ಒಳ್ಳೆಯ ಮಂದಿ ನಮ್ಮವರು, ಮೊದಲ ಸಾಕಿಗೆ ಯಾರನ್ನೂ ಬಿಡುವವರಲ್ಲ. ಎರಡನೆಯ ಸಲ ಕೈ ಇಟ್ಟೆ. ಮದುಮಗನ ತಂದೆಯೇ ಎದ್ದು ಬಂದು “ಸಣ್ಣದೊಂದು ಮಾಡ್ರಲಾ” ಅಂದರು.

ಮೂರನೆಯ ಸಲವೂ ಇಟ್ಟೆ. ನನ್ನ ಕೈಗಳಲ್ಲಿ ಅಷ್ಟು ಬಲವಿದೆ.